ಎಲ್ಲಿಗೆ ಅಂತ ಕೇಳಬಾರದು

ನಮ್ಮ ಮನೆಯಲ್ಲಿ ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳುವ ಹಾಗಿಲ್ಲ. ಬಾಯಿ ತಪ್ಪಿ ಯಾರಾದರೂ ಕೇಳಿದರೆ ಹೊರಟವರು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬರಬೇಕು, ಒಂದು ಗಳಿಗೆ ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ತಿಳಿದುಕೊಳ್ಳದೆ ಇರಲಾರದವರು 'ದೂರ ಹೊರಟ್ರಾ?' ಅಂತ ಕೇಳಬಹುದು, ಅಷ್ಟೆ. ಈ ನಿಯಮವನ್ನು ನಾನು ನಂಬುತ್ತೇನೆಯೇ ಅಂದರೆ, ಇಲ್ಲ. ಮೀರುತ್ತೇನೆಯೇ ಅಂದರೆ, ಅದೂ ಇಲ್ಲ. ಅಮ್ಮನ ಎದುರು ಮೀರಿದವರು ಯಾರೂ ಸುಖವಾಗಿ ಹೊರಗೆ ಹೋಗಿಲ್ಲ.

ಅಮ್ಮ ಬದುಕಿನ ಬಹುಭಾಗವನ್ನು ಕಳೆದದ್ದು ಭದ್ರಾವತಿಯ ನ್ಯೂ ಟೌನ್‌ನಲ್ಲಿ, ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಎಡಗಡೆ ತಮಿಳರು, ಬಲಗಡೆ ತೆಲುಗರು, ಹಿಂದಿನ ಸಾಲಿನಲ್ಲಿ ಉರ್ದು ಮಾತಾಡುವವರು. 'ನಾನ್ ನೋಡ್ದೇ ಇರೋ ಜನ ಯಾರಿದ್ದಾರೆ?' ಅನ್ನುವುದು ಅವಳ ಹೆಮ್ಮೆಯ ಮಾತು. ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗಕ್ಕೆ, ನವುಲೆಯ ನನ್ನ ಮನೆಗೆ ಬಂದಳು. ನಾನು ಮದುವೆಯಾಗಲಿಲ್ಲ, ಅದರ ಕತೆ ಬೇರೆ, ಅಷ್ಟೇನೂ ಸ್ವಾರಸ್ಯವಿಲ್ಲ. ಕೃಷಿ ಕಾಲೇಜಿನ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿ ಮಾಡಿಯೇ ನಾನು ಇಂಗ್ಲಿಷ್ ಕಲಿತದ್ದು. ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ 'ಚಪ್ಪಲಿ ಹೊರಗೆ ಬಿಟ್ಟು ಬನ್ನಿ' ಅನ್ನುವುದನ್ನು ಬೇಜಾರಾಗದ ಹಾಗೆ ಹೇಳುವುದು ಹೇಗೆಂದು ಯಾವ ಪ್ರಬಂಧದಲ್ಲೂ ಬರೆದಿರಲಿಲ್ಲ.

ಅದು ಬೇಕಾದದ್ದು ಮಹಡಿಯ ಮನೆಗೆ ಬಾಡಿಗೆಗೆ ಇಬ್ಬರು ಹೆಂಗಸರು ಬಂದಾಗ. ಗದ್ದೆಯ ಮಣ್ಣಿನ ಮೇಲೆ ಸಂಶೋಧನೆ ಮಾಡಲು ಇಂಗ್ಲೆಂಡಿನಿಂದ ಒಂದು ವರ್ಷದ ಮಟ್ಟಿಗೆ ಬಂದವರು. ಒಬ್ಬಳು ಅಲ್ಲಿಯವಳೇ, ಐವತ್ತರ ಹತ್ತಿರದವಳು, ನಮ್ಮ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಇನ್ನೊಬ್ಬಳು ಚೀನಾದವಳು, ಅವಳ ಬಳಿಯೇ ಓದಿ ಈಗ ಅವಳ ಜೊತೆಗೇ ಕೆಲಸ ಮಾಡುವವಳು. ಅಮ್ಮ ಮೊದಲನೆಯವಳನ್ನು ಮೇಡಂ ಅಂತ ಕರೆದಳು, ಎರಡನೆಯವಳನ್ನು ಕೂಸು ಅಂತ. ಕೂಸಿಗೆ ಮೂವತ್ತು ದಾಟಿತ್ತು ಅನ್ನುವುದು ಬೇರೆ ಮಾತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಮೊದಲ ಭಾನುವಾರ ಅಮ್ಮ ಇಬ್ಬರನ್ನೂ ಊಟಕ್ಕೆ ಕರೆದಳು. ಬಡಿಸುವಾಗ ಎಂದಿನಂತೆ 'ಏನೋ, ಉಪ್ಪು ಹೆಚ್ಚುಕಮ್ಮಿ ಆಗಿದೆ, ಅಡ್ಜಸ್ಟ್ ಮಾಡ್ಕೊಳ್ರಿ' ಅಂದಳು. ಉಪ್ಪು ಸರಿಯಾಗಿಯೇ ಇತ್ತು, ಅವಳಿಗೂ ಗೊತ್ತಿತ್ತು. ನಾನು ಅದನ್ನು ಅನುವಾದಿಸಿದಾಗ ಮೇಡಂ ಗಂಭೀರವಾಗಿ ಒಂದು ತುತ್ತು ತಿಂದು ನೋಡಿ, 'ನಾಟ್ ಬ್ಯಾಡ್ ಅಟ್ ಆಲ್' ಅಂದಳು. ಬ್ಯಾಡ್ ಅನ್ನುವ ಪದ ನ್ಯೂ ಟೌನ್‌ನವರಿಗೆ ಚೆನ್ನಾಗಿ ಗೊತ್ತು. ಅಮ್ಮನ ಮುಖ ಸಣ್ಣದಾಯಿತು. ಆಗ ಕೂಸು ನನ್ನ ಕಡೆಗೆ ಬಾಗಿ, 'ಬಹಳ ಚೆನ್ನಾಗಿದೆ ಅನ್ನುವುದನ್ನು ಇವರು ಹೀಗೆ ಹೇಳುತ್ತಾರೆ. ನನ್ನ ಮೊದಲ ವರದಿಗೆ ಹೀಗೆ ಅಂದಾಗ ನಾನು ರೂಮಿಗೆ ಹೋಗಿ ಅತ್ತಿದ್ದೆ' ಅಂದಳು. ಮೇಡಂ ಕಣ್ಣರಳಿಸಿ, 'ಅತ್ತಿದ್ದೆಯಾ? ನಾನು ನಿನ್ನನ್ನು ಹೊಗಳಿ ಹೊಗಳಿ ಕೆಡಿಸುತ್ತಿದ್ದೇನೆ ಅಂತ ನನಗೇ ಚಿಂತೆಯಾಗಿತ್ತು' ಅಂದಳು. ಇಬ್ಬರೂ ನಗತೊಡಗಿದರು. ವಿಷಯ ತಿಳಿದ ಅಮ್ಮ ಮೇಡಂ ತಟ್ಟೆಗೆ ಇನ್ನೂ ಎರಡು ಸೌಟು ಸುರಿದಳು.

ಕೂಸಿನದು ಬೇರೆ ರೀತಿ. ಏನು ಕೊಟ್ಟರೂ ಮೊದಲು ಬೇಡ ಅನ್ನುತ್ತಿದ್ದಳು, ಮತ್ತೆ ಕೇಳಿದರೂ ಬೇಡ, ಕೈ ಹಿಡಿದು ಒತ್ತಾಯ ಮಾಡಿದಾಗ ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು. ಅಮ್ಮನಿಗೆ ಇದು ಬಹಳ ಹಿಡಿಸಿತು. 'ನೋಡು, ಮನೆತನಸ್ಥರ ಹುಡುಗಿ. ಆ ಮೇಡಂ ನೋಡಿದ್ರೆ, ಬೇಡ ಅಂದ್ರೆ ಬೇಡಾನೇ, ಬೇಕು ಅಂದ್ರೆ ಬೇಕೇ! ಹೆಂಗ್ ಮಾರಾಯ್ತಿ ಅವಳ ಜೊತೆ ವ್ಯವಹಾರ ಮಾಡೋದು?' ಅಂತ ನನ್ನನ್ನು ಕೇಳಿದ್ದಳು. ನನಗೆ ಮಾತ್ರ ಮೇಡಂ ಜೊತೆಯೇ ಹೆಚ್ಚು ಸಲುಗೆ. ಯಾರಿಗಾದರೂ ಏಟಾದರೆ ಮೊದಲು ಗೇಲಿ ಮಾಡಿ ಆಮೇಲೆ ಮುಲಾಮು ಹುಡುಕುವವಳು ನಾನು. ಅವಳೂ ಹಾಗೆಯೇ.

ಇಷ್ಟರ ನಡುವೆ ಅಮ್ಮನಿಗೆ ಹೊಟ್ಟೆನೋವು ಶುರುವಾಗಿತ್ತು. ಪಿತ್ತಕೋಶದಲ್ಲಿ ಕಲ್ಲುಗಳು. ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿ, 'ಇದೇನು ದೊಡ್ಡ ಆಪರೇಷನ್ ಅಲ್ಲ. ಆದರೆ ಮುಂದೂಡಬೇಡಿ. ಸೋಂಕಾದರೆ ಈ ವಯಸ್ಸಿನಲ್ಲಿ ಜೀವಕ್ಕೇ ಕಷ್ಟ' ಅಂದರು. ಅಮ್ಮ ತಲೆ ಆಡಿಸಿದಳು. ಅವಳ ಅಕ್ಕ, ನನ್ನ ದೊಡ್ಡಮ್ಮ, ಬಹಳ ಹಿಂದೆ ಯಾವುದೋ ಆಪರೇಷನ್ನಿಗೆಂದು ಹೋದವಳು ಮನೆಗೆ ಬರಲಿಲ್ಲ. ಆ ಮಾತನ್ನು ಅಮ್ಮ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲು ಸಿಕ್ಕ ದಿನ ಮಂಗಳವಾರವಾದ್ದರಿಂದ ಅವಳು ಒಪ್ಪಲಿಲ್ಲ. ಇನ್ನೊಂದು ದಿನ ಗೊತ್ತಾಯಿತು.

ಆ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಬ್ಯಾಗು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಹಿಂದಿನ ರಾತ್ರಿಯಿಂದ ಉಪವಾಸ. ಹನಿ ನೀರೂ ಕುಡಿಯಬಾರದೆಂದು ಆಸ್ಪತ್ರೆಯವರು ಒತ್ತಿ ಹೇಳಿದ್ದರು. ಕೂಸು ವಾಕಿಂಗ್ ಮುಗಿಸಿ ಗೇಟು ತೆರೆದು ಒಳಗೆ ಬಂದಳು. ಅಮ್ಮನನ್ನು ಕಂಡದ್ದೇ ಮುಖ ಅರಳಿಸಿ, 'ಅಮ್ಮಾ! ವೇರ್ ಆರ್ ಯು ಗೋಯಿಂಗ್?' ಅಂದಳು.

ಅಮ್ಮ ನಿಂತಳು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ನಾನು ಹಿಂದೆಯೇ ಓಡಿದೆ.

'ಅಮ್ಮಾ, ಒಂದ್ನಿಮಿಷ ಕೂತ್ಕೊಂಡು ಎದ್ದೇಳು. ನೀರು ಬೇಡ.'

'ನೀರ್ ಕುಡೀದೆ ಹೆಂಗೆ ಹೊರಡ್ಲಿ?' ಅಂದವಳೇ ಪಕ್ಕದಲ್ಲಿದ್ದ ಚೊಂಬನ್ನೆತ್ತಿ, ನನ್ನ ಕಣ್ಣನ್ನೇ ನೋಡುತ್ತ, ಗಟಗಟನೆ ಪೂರ್ತಿ ಕುಡಿದಳು. ಕೆಳಗಿಟ್ಟು ಬಾಯಿ ಒರೆಸಿಕೊಂಡಳು. ಅವಳ ಮುಖದಲ್ಲಿ ಇದ್ದದ್ದು ಭಯವಲ್ಲ, ಸಮಾಧಾನ. ಶಾಲೆಗೆ ರಜೆ ಸಿಕ್ಕವರ ಮುಖ. ಆಸ್ಪತ್ರೆಗೆ ಫೋನ್ ಮಾಡಿದರೆ, ನೀರು ಕುಡಿದಿದ್ದರೆ ಇವತ್ತು ಆಗುವುದಿಲ್ಲ ಅಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅಲ್ಲಿಂದಲೂ ಹೊರಗೆ ಬಂತು. ಅಮ್ಮನ ಮೇಲೆ ಕೂಗಾಡಿದೆ. ಅವಳು ಕುಡಿದ ನೀರು ಅರಗಿಸಿಕೊಳ್ಳುತ್ತ ಕೂತಿದ್ದಳು.

ಬಾಗಿಲಲ್ಲಿ ನಿಂತಿದ್ದ ಕೂಸು ಏನಾಯಿತೆಂದು ಕೇಳಿದಳು. ನಾನು ನನ್ನ ಪ್ರಬಂಧದ ಇಂಗ್ಲಿಷಿನಲ್ಲಿ ಕಾರಣ, ಪರಿಣಾಮ, ಪರಿಹಾರ ಎಲ್ಲವನ್ನೂ ವಿವರಿಸಿದೆ. 'ನಿನ್ನದೇನೂ ತಪ್ಪಿಲ್ಲ' ಅಂತ ಕೊನೆಯಲ್ಲಿ ಸೇರಿಸಿದೆ. ಆದರೆ ಅವಳು ಆ ಹೊತ್ತಿಗೆ ಬಿಳಿಚಿಕೊಂಡಿದ್ದಳು.

ಸಂಜೆ ಮೆಟ್ಟಿಲ ಮೇಲೆ ಕಾಫಿ ಕುಡಿಯುವಾಗ ಮೇಡಂ, ಕೂಸಿನ ಭುಜ ತಟ್ಟಿ, 'ನಿನ್ನ ಹತ್ತಿರ ಇಂಥ ಶಕ್ತಿ ಇದೆಯೆಂದು ಮೊದಲೇ ಗೊತ್ತಿದ್ದರೆ, ನಮ್ಮ ವಿಭಾಗದ ಮೀಟಿಂಗಿಗೆ ಹೊರಟವರನ್ನೆಲ್ಲ ನಿನ್ನಿಂದ ಒಂದೊಂದು ಸಲ ಎಲ್ಲಿಗೆ ಅಂತ ಕೇಳಿಸುತ್ತಿದ್ದೆ. ಎಷ್ಟು ಸಮಯ ಉಳಿಯುತ್ತಿತ್ತು!' ಅಂದಳು. ನಾನು ಜೋರಾಗಿ ನಕ್ಕೆ. ಕೂಸೂ ನಕ್ಕಳು, ಸ್ವಲ್ಪ ಹೆಚ್ಚೇ ಹೊತ್ತು ನಕ್ಕಳು. ಮೇಡಂ ನೋವನ್ನು ಹಗುರ ಮಾಡಲೆಂದು ಅಂದದ್ದು; ಕೂಸು ನಕ್ಕದ್ದು ಮೇಡಂಗೆ ಮುಜುಗರ ಆಗಬಾರದೆಂದು. ಲೋಟದಲ್ಲಿ ಕಾಫಿ ಹಾಗೇ ಉಳಿಸಿ ಅವಳು ಮೇಲೆ ಹೋದಾಗಲೇ ನನಗೆ ಇದು ತಿಳಿದದ್ದು. ಮೇಡಂಗೆ ಅಷ್ಟು ಬೇಗ ತಿಳಿಯಲಿಲ್ಲ.

ಮರುದಿನದಿಂದ ಕೂಸು ಹಿಂದಿನ ಮೆಟ್ಟಿಲು ಬಳಸತೊಡಗಿದಳು. ಅಮ್ಮ ಎದುರಾದರೆ ತಲೆ ತಗ್ಗಿಸಿ, ಬಾಯಿಗೆ ಬೀಗ ಹಾಕಿಕೊಂಡವಳಂತೆ ಸರಿದುಹೋಗುತ್ತಿದ್ದಳು. ಅಮ್ಮ ರೊಟ್ಟಿ ಕಳಿಸಿದರೆ ಪಾತ್ರೆ ತೊಳೆದು, ಅದರಲ್ಲಿ ಹಣ್ಣಿಟ್ಟು ಮೇಡಂ ಕೈಯಲ್ಲಿ ವಾಪಸ್ ಕಳಿಸುತ್ತಿದ್ದಳು.

'ನಾನೇನ್ ಅಂದೆ ಅವಳಿಗೆ?' ಅಂತ ಅಮ್ಮ ದಿನಾ ಕೇಳುತ್ತಿದ್ದಳು. 'ಒಂದ್ ಮಾತೂ ಬೈಲಿಲ್ಲ. ನೀರು ಕುಡಿದೆ, ಅಷ್ಟೆ. ಅದಕ್ಕೇ ಮಾತು ಬಿಡೋದಾ?'

'ನೀನು ಆಪರೇಷನ್ ಮಾಡಿಸ್ಕೊಂಡ್ರೆ ಅವಳೂ ಮಾತಾಡ್ತಾಳೆ' ಅಂದೆ.

'ನಿಂದೊಂದು' ಅಂದು ಅಮ್ಮ ಮುಖ ತಿರುಗಿಸಿದಳು. ಹೊಸ ದಿನ ಗೊತ್ತು ಮಾಡಲು ಅವಳು ಒಪ್ಪುತ್ತಲೇ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗತೊಡಗಿತ್ತು. ಅಂಗಡಿಯಲ್ಲಿ ಫೋನ್ ಬಡಿದುಕೊಂಡರೆ ಮನೆಯಿಂದಲೇ ಅಂದುಕೊಂಡು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ಒಂದು ಸಂಜೆ ಆ ಫೋನು ಬಂದೇ ಬಂತು. ಅಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುಡಿ ಕೂತಿದ್ದಳು. ನಾನು ಮನೆ ಸೇರುವ ಹೊತ್ತಿಗೆ ಕೂಸು ಹಿಂದಿನ ಮೆಟ್ಟಿಲಿಂದ ಇಳಿದು ಬಂದು ಅವಳ ಬೆನ್ನು ನೀವುತ್ತಿದ್ದಳು, ಮೇಡಂ ಕಾಲೇಜಿನ ಜೀಪು ತಂದು ಗೇಟಿನಲ್ಲಿ ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ನೋವು ಇಳಿಸಿ ಕಳಿಸಿದರು. ಡಾಕ್ಟರು ಈ ಸಲ ಅಮ್ಮನನ್ನು ಬೈದೇ ಬೈದರು. ಮುಂದಿನ ವಾರದ ದಿನವನ್ನು ಅವರೇ ಗೊತ್ತುಮಾಡಿದರು.

ಮರುದಿನ ಅಮ್ಮ ಹಾಲಿನ ಮಂಚದ ಮೇಲೆ ಮಲಗಿದ್ದಳು. ಇಬ್ಬರೂ ನೋಡಲು ಬಂದರು. ಕೂಸು ಬಾಗಿಲ ಹತ್ತಿರವೇ ಕೂತು, ಮೊದಲ ಬಾರಿಗೆ ಬಾಯಿಬಿಟ್ಟು ಕ್ಷಮೆ ಕೇಳಿದಳು. ಅವಳ ಊರಿನಲ್ಲಿ ಪರಿಚಯದವರು ಎದುರಾದರೆ ಎಲ್ಲಿಗೆ ಹೊರಟೆ ಅಂತ ಕೇಳುವುದೇ ನಮಸ್ಕಾರವಂತೆ. ಅವಳ ಅಜ್ಜಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಬೀದಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಳಂತೆ. 'ಕೇಳದಿದ್ದರೆ ಅವರ ಮೇಲೆ ಸಿಟ್ಟು ಅಂತ ಅರ್ಥ. ಇಂಗ್ಲೆಂಡಿಗೆ ಹೋದ ಮೊದಲ ಚಳಿಗಾಲ ಒಬ್ಬರೂ ನನ್ನನ್ನು ಎಲ್ಲಿಗೆ ಅಂತ ಕೇಳಲಿಲ್ಲ. ಪ್ರತಿ ಭಾನುವಾರ ಒಬ್ಬಳೇ ಹೊಳೆಯ ದಡಕ್ಕೆ ಹೋಗಿ ಬರುತ್ತಿದ್ದೆ. ಮುಳುಗಿಹೋಗಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅನ್ನಿಸುತ್ತಿತ್ತು. ಇಲ್ಲಿ ಅಮ್ಮನನ್ನು ನೋಡಿದಾಗ ನನ್ನ ಬಾಯಿಗೆ ಮನೆಯ ಮಾತು ಬಂತು.'

ಮೇಡಂ ಅವಳ ಕಡೆಗೆ ತಿರುಗಿದಳು. 'ಆ ಭಾನುವಾರಗಳಂದು ನೀನು ಎಲ್ಲಿಗೆ ಹೋಗುತ್ತೀಯ ಅಂತ ತಿಳಿಯಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು. ನಮ್ಮಲ್ಲಿ ಅದನ್ನು ಕೇಳಿದರೆ ಮೂಗು ತೂರಿಸಿದ ಹಾಗೆ. ಅದಕ್ಕೇ ಮಳೆಯ ಬಗ್ಗೆ ಕೇಳುತ್ತಿದ್ದೆ' ಅಂದಳು.

'ಹೌದು. ಪ್ರತಿ ಸೋಮವಾರ ಕೇಳುತ್ತಿದ್ದಿರಿ. ನಿಮಗೆ ಮಳೆ ಅಂದರೆ ಬಹಳ ಇಷ್ಟ ಅಂದುಕೊಂಡಿದ್ದೆ.'

'ನನಗೆ ಮಳೆ ಅಂದರೆ ಆಗುವುದಿಲ್ಲ' ಅಂದಳು ಮೇಡಂ. 'ಮತ್ತೆ ಆ ಮೀಟಿಂಗಿನ ಜೋಕು ಬಹಳ ಕೆಟ್ಟದಾಗಿತ್ತು. ಕ್ಷಮಿಸು.'

ಕೂಸು ಒಂದು ಕ್ಷಣ ಯೋಚಿಸಿ, 'ನಾಟ್ ಬ್ಯಾಡ್ ಅಟ್ ಆಲ್' ಅಂದಳು. ಮೇಡಂ ನಗುತ್ತಲೇ ಕಣ್ಣೊರೆಸಿಕೊಂಡಳು.

ನಾನು ಎಲ್ಲವನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಮಂಚದ ಮೇಲೆ ಎದ್ದು ಕೂತಳು. ಅವಳಿಗೆ ಒಂದೇ ಅನುಮಾನ.

'ಅವ್ರೂರಲ್ಲಿ ಹಂಗೆ ಕೇಳಿದ್ರೆ ಏನ್ ಉತ್ರ ಕೊಡ್ಬೇಕಂತೆ?'

ಕೂಸು ಹೇಳಿದಳು: ನಿಜ ಹೇಳಬೇಕೆಂದೇನೂ ಇಲ್ಲ. ಎಲ್ಲಿಗೂ ಇಲ್ಲ, ಹೀಗೇ ಸ್ವಲ್ಪ ಹೊರಗೆ ಅಂದರೆ ಸಾಕು.

'ನಿಜ ಹೇಳೋದೇ ಬೇಡ್ವಾ? ಮತ್ತೆ ಯಾಕೆ ಕೇಳ್ತಾರೆ?'

'ಕೇಳುವುದಕ್ಕೆ' ಅಂದಳು ಕೂಸು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, 'ಅವಳಿಗೆ ಹೇಳು. ಅವತ್ತು ಅವಳು ಕೇಳ್ದೇ ಇದ್ದಿದ್ರೂ ನಾನು ಹೋಗ್ತಿರ್ಲಿಲ್ಲ. ಬೆಕ್ಕಾದ್ರೂ ಅಡ್ಡ ಬರ್ಲಿ ಅಂತ ಕಾಯ್ತಿದ್ದೆ. ನಮ್ಮಕ್ಕ ಹೋದಳು, ಬರ್ಲಿಲ್ಲ. ನಂಗೂ ಭಯ ಅಂತ ಹೇಳು' ಅಂದಳು. ಅಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ಭಯ ಅನ್ನುವ ಮಾತು ಕೇಳಿದ್ದು ನಾನು ಅವತ್ತೇ. ನಾನು ಅನುವಾದ ಮುಗಿಸುವ ಮೊದಲೇ ಕೂಸು ಎದ್ದು ಬಂದು ಮಂಚದ ತುದಿಯಲ್ಲಿ, ಅಮ್ಮನ ಕಾಲ ಹತ್ತಿರ ಕೂತಳು.

ಗೊತ್ತುಮಾಡಿದ ದಿನ ಬಂತು. ನಾನು ಯಾವ ಅಪಾಯವನ್ನೂ ಉಳಿಸಿರಲಿಲ್ಲ. ಎದುರು ಮನೆಯವರಿಗೆ, ಹಾಲಿನವನಿಗೆ, ಹೂವಿನವಳಿಗೆ, ಎಲ್ಲರಿಗೂ ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಿದ್ದೆ. ಚೊಂಬನ್ನು ಅಡುಗೆಮನೆಯ ಅಟ್ಟದ ಮೇಲಿಟ್ಟಿದ್ದೆ. ಅಮ್ಮ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ ಮೇಡಂ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದಳು. ಕೂಸು ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಎದುರು ಮನೆಯವರು ಗೇಟಿನಲ್ಲಿ ಸಾಲಾಗಿ ನಿಂತು ಉಸಿರು ಬಿಗಿಹಿಡಿದಿದ್ದರು.

ಅಮ್ಮ ಎರಡು ಮೆಟ್ಟಿಲು ಇಳಿದು ನಿಂತಳು. ಎಲ್ಲರನ್ನೂ ನೋಡಿದಳು.

'ಏನ್ರೇ ಇದು? ನಾನಿನ್ನೂ ಸತ್ತಿಲ್ಲ. ಹಿಂಗ್ ಸಾಲಾಗಿ ಮೌನವಾಗಿ ನಿಂತ್ರೆ ನಂಗ್ ಇನ್ನೂ ಭಯ ಆಗುತ್ತೆ. ಯಾರಾದ್ರೂ ಏನಾದ್ರೂ ಮಾತಾಡ್ರೇ!'

ನಾನು ಗಾಬರಿಯಿಂದ ಅನುವಾದಿಸಿದೆ. ಕೊನೆಗೆ ಮೇಡಂ ಗಂಟಲು ಸರಿಮಾಡಿಕೊಂಡು, ಏಪ್ರಿಲ್ ತಿಂಗಳ ಆ ಉರಿಬಿಸಿಲಿನಲ್ಲಿ, 'ಇವತ್ತು ಹವೆ ಬಹಳ ಹಿತವಾಗಿದೆ' ಅಂದಳು. ಕೂಸಿನ ಬೆರಳುಗಳ ಸಂದಿಯಿಂದ ನಗು ಸಿಡಿಯಿತು.

ಅಷ್ಟರಲ್ಲಿ ಆಟೋ ಬಂತು. ನಮ್ಮ ಮಾಮೂಲಿ ಆಟೋದವನು ಯಾವುದೋ ಮದುವೆಗೆ ಹೋಗಿದ್ದವನು, ತನ್ನ ಬದಲು ಬೇರೆಯವನನ್ನು ಕಳಿಸಿದ್ದ. ಊರಿಗೆಲ್ಲ ಹೇಳಿದ್ದ ನಾನು ಇವನೊಬ್ಬನಿಗೆ ಹೇಳಿರಲಿಲ್ಲ. ಅವನು ಗಾಡಿ ನಿಲ್ಲಿಸಿ, ತಲೆ ಹೊರಗೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಕೇಳಿದ.

'ಎಲ್ಲಿಗಮ್ಮಾ?'

ಕೂಸು ಕಣ್ಣು ಮುಚ್ಚಿಕೊಂಡಳು. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತಿದ್ದಳು. ಒಳಗೆ ಹೋದರೆ ನೀರು, ನೀರು ಕುಡಿದರೆ ಆಪರೇಷನ್ ಇಲ್ಲ. ಅವಳು ಬಾಗಿಲ ಕಡೆ ಒಮ್ಮೆ ತಿರುಗಿದಳು. ಆಮೇಲೆ ಕೂಸಿನ ಮುಖ ನೋಡಿದಳು.

'ಎಲ್ಲಿಗೂ ಇಲ್ಲಪ್ಪ' ಅಂದಳು ಆಟೋದವನಿಗೆ. 'ಹಿಂಗೇ ಸ್ವಲ್ಪ ಹೊರಗೆ.'

'ಹೊರಗೆ ಅಂದ್ರೆ ಯಾವ ಕಡೆ ತಿರುಗಿಸ್ಲಿ ಅಮ್ಮಾ?' ಅಂದ ಅವನು, ಪಾಪ.

ಅಮ್ಮ ಆಗಲೇ ಹತ್ತಿ ಕೂತಿದ್ದಳು. ನಾನು ಅವನ ಕಿವಿಯಲ್ಲಿ ಆಸ್ಪತ್ರೆಯ ಹೆಸರು ಹೇಳಿದೆ. ಕೂಸು ಗೇಟಿನವರೆಗೂ ಓಡಿ ಬಂದು, ನಗುತ್ತ ಅಳುತ್ತ, ಕೈ ಬೀಸುತ್ತಿದ್ದಳು. ಅವಳ ಊರಿನ ಆ ಉತ್ತರದಿಂದಲೇ ಅಮ್ಮ ಗೇಟು ದಾಟಿದ್ದೆಂದು ಅವಳಿಗೆ ಯಾರೂ ಅನುವಾದಿಸಬೇಕಾಗಿರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಒಳಗೆ ಕರೆದೊಯ್ಯುವಾಗ ನರ್ಸಿಗೂ ಅಮ್ಮ ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಅಂದಳಂತೆ. ಕಲ್ಲುಗಳನ್ನು ಪುಟ್ಟ ಶೀಶೆಯಲ್ಲಿ ಹಾಕಿಸಿಕೊಂಡು ಮನೆಗೆ ತಂದಳು. ಬಂದವರಿಗೆಲ್ಲ ತೋರಿಸಿದಳು. ಮೇಡಂ ಶೀಶೆಯನ್ನು ಬೆಳಕಿಗೆ ಹಿಡಿದು, ಮಣ್ಣಿನ ಸ್ಯಾಂಪಲ್ ನೋಡುವ ಗಾಂಭೀರ್ಯದಿಂದ ನೋಡಿ, 'ನಾಟ್ ಬ್ಯಾಡ್ ಅಟ್ ಆಲ್' ಅಂದಳು. ಅಮ್ಮ ಬೀಗಿದಳು.

ಮಳೆಗಾಲ ಮುಗಿದ ಮೇಲೆ ಅವರ ಕೆಲಸವೂ ಮುಗಿಯಿತು. ಮೇಡಂ ಇಂಗ್ಲೆಂಡಿಗೆ, ಕೂಸು ಚೀನಾದಲ್ಲಿ ತನ್ನ ಅಜ್ಜಿ ಇದ್ದ ಊರಿಗೆ. ಅಲ್ಲೇ ಕೆಲಸ ಸಿಕ್ಕಿತ್ತು. ರೈಲಿಗೆ ಹೊರಡುವ ಹೊತ್ತು. ನಮ್ಮ ಮಾಮೂಲಿ ಆಟೋದವನು ಪೆಟ್ಟಿಗೆಗಳನ್ನು ಕಟ್ಟುತ್ತಿದ್ದ. ಕೂಸು ಅಮ್ಮನ ಕಾಲು ಮುಟ್ಟಿ, ಶೂ ಹಾಕಿಕೊಂಡು, ಹೋಗ್ ಬರ್ತೀನಿ ಅಂತ ಕಲಿತ ಕನ್ನಡದಲ್ಲಿ ಹೇಳಿ ಗೇಟಿನ ಚಿಲಕಕ್ಕೆ ಕೈ ಹಾಕಿದಳು. ನಾನು ಅಳಬಾರದು ಅಂದುಕೊಂಡು ಆಕಾಶ ನೋಡುತ್ತಿದ್ದೆ.

'ಕೂಸೇ' ಅಂತ ಅಮ್ಮ ಹಿಂದಿನಿಂದ ಕೂಗಿದಳು. 'ಎಲ್ಲಿಗೆ ಹೊರಟೆ?'

ಆಟೋದವನು ಹಗ್ಗ ಬಿಟ್ಟು ಅಮ್ಮನನ್ನು ನೋಡಿದ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕೂಸು ತಿರುಗಿದಳು.

'ಎಲ್ಲಿಗೂ ಇಲ್ಲ ಅಮ್ಮ. ಹಿಂಗೇ ಸ್ವಲ್ಪ ಹೊರಗೆ.'

'ಕೇಳಿದ್ಮೇಲೆ ಹಂಗೇ ಹೋಗಬಾರ್ದು' ಅಂದಳು ಅಮ್ಮ. 'ಒಳಗ್ ಬಾ. ಕೂತ್ಕೊಂಡು ನೀರ್ ಕುಡಿದು ಹೋಗು.'

ಎಲ್ಲರಿಗಿಂತ ಮೊದಲು ಮೇಡಂ ಶೂ ಬಿಚ್ಚಿ ಒಳಗೆ ನಡೆದಳು. ಅಮ್ಮ ಆ ದಿನದ ಅದೇ ಚೊಂಬಿನಲ್ಲಿ ನೀರು ತಂದು ಕೊಟ್ಟು ಎದುರಿಗೆ ಕೂತಳು. ಆಟೋದವನು ರೈಲಿಗೆ ಹೊತ್ತಾಯಿತೆಂದು ಎರಡು ಸಲ ಹಾರ್ನ್ ಮಾಡಿದ. ಕೂಸು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಮ್ಮನನ್ನೇ ನೋಡುತ್ತ, ಗುಟುಕು ಗುಟುಕಾಗಿ, ನಿಧಾನವಾಗಿ ಕುಡಿದಳು.